ಕುಂಬಾರ ಗುಂಡಯ್ಯನ ರಗಳೆ ಮತ್ತು ಮಣ್ಣಿನ ಹದ

ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ಕುರಿತು ಮಾತನಾಡುವಾಗ ಸಾಮಾನ್ಯವಾಗಿ ಎತ್ತಿ ಹೇಳುವ ಅಂಶಗಳು ಎರಡು: ಮಡಕೆಯ ನಾದಕ್ಕೆ ಶಿವನು ಕುಣಿದ ಪ್ರಸಂಗದ ಗತಿ ಒಂದು, ತಿಗರಿಯನ್ನು ಷಟ್ಚಕ್ರಕ್ಕೂ ಮಣ್ಣನ್ನು ಕಾಯಕ್ಕೂ ಹೊಂದಿಸಿದ ರೂಪಕ ಇನ್ನೊಂದು. ಎರಡೂ ಸಲ್ಲತಕ್ಕ ಪ್ರಶಂಸೆಗಳೇ. ಆದರೆ ಇವೆರಡರ ನಡುವೆ ಕುಂಬಾರನ ಮನೆ ಮರೆಯಾಗಿಬಿಡುತ್ತದೆಂಬುದು ನಮ್ಮ ಆಕ್ಷೇಪಣೆ.

ಗುಂಡಯ್ಯನ ಊರಾದ ಭಲ್ಲುಕೆಯನ್ನು ಬೀದರ್ ಜಿಲ್ಲೆಯ ಭಾಲ್ಕಿಯೆಂದು ಗುರುತಿಸಲಾಗಿದೆ. ಅಲ್ಲಿಂದ ದಕ್ಷಿಣಕ್ಕೆ ಚಿಂಚೋಳಿಯ ಕೆಮ್ಮಣ್ಣಿನ ದಿನ್ನೆಗಳನ್ನು ಇಳಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುಣ್ಣಕಲ್ಲಿನ ನೆಲ. ನಾಡಿಗೆಲ್ಲ ಹಾಸುಗಲ್ಲನ್ನೂ ಸಿಮೆಂಟನ್ನೂ ಕೊಟ್ಟ ಈ ನೆಲ ಕುಂಬಾರನಿಗೆ ಮಾತ್ರ ಸುಲಭದ್ದಲ್ಲ. ಮಣ್ಣಿನಲ್ಲಿ ಉಳಿದ ಸುಣ್ಣದ ಹರಳು ಆವಿಗೆಯಲ್ಲಿ ಸುಟ್ಟ ಸುಣ್ಣವಾಗುತ್ತದೆ; ಬಳಿಕ ಗಾಳಿಯ ತೇವವನ್ನು ಹೀರಿ ಉಬ್ಬಿ, ಚೆನ್ನಾಗಿ ಬೆಂದ ಮಡಕೆಯ ಮೈಯಿಂದಲೂ ಚಕ್ಕೆಯೆಬ್ಬಿಸುತ್ತದೆ. ತಪ್ಪು ನಡೆಯುವುದು ಮೊದಲ ದಿನ, ಕಾಣುವುದು ಕೊನೆಯ ದಿನ. ಆದುದರಿಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ತುಳಿದು ಹದಕ್ಕೆ ತರುವ ಕೆಲಸವೇ ಮಡಕೆಯ ಆಯುಷ್ಯವನ್ನು ನಿರ್ಣಯಿಸತಕ್ಕುದು. ತಿಗರಿಯ ಮುಂದೆ ಕೂರುವವನು ಗಂಡಸು. ಹದದ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು, ಮಕ್ಕಳದು. ಮಗನು ತಿಗರಿಯನ್ನು ತಿರುಗಿಸುವ ಎಷ್ಟೋ ಮೊದಲೇ ಮಣ್ಣನ್ನು ಹಿಸುಕಿ ಕಲಿತಿರುತ್ತಾನೆ. ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ವಿದ್ಯೆಯೆಂದರೆ ಮುಖ್ಯವಾಗಿ ಇದೇ.

ಗುಂಡಯ್ಯನ ಪುಣ್ಯಸ್ತ್ರೀಯೆಂದು ಪರಂಪರೆ ಹೇಳುವ ಕೇತಲದೇವಿಯ, ‘ಕುಂಭೇಶ್ವರ’ ಅಂಕಿತದ ವಚನವೊಂದು ಈ ಹದದ ಮಾತಿನಿಂದಲೇ ತೊಡಗಿ, ವ್ರತಹೀನರೊಡನೆ ಬೆರೆಯಬಾರದೆಂಬ ಎಚ್ಚರಿಕೆಗೆ ಸಾಗುತ್ತದೆ. ಮೇಲುನೋಟಕ್ಕೆ ಇದು ಒಂದು ಉಪಮೆ, ಅದರ ಹಿಂದೆ ಒಂದು ನಿಷೇಧ. ಎರಡಕ್ಕೂ ಬೆಸುಗೆ ಸಾಲದೆನಿಸುತ್ತದೆ. ಮಣ್ಣಿನಲ್ಲಿ ಬೆರೆತ ಹರಳನ್ನು ಬಲ್ಲವರಿಗಾದರೋ ‘ಬೆರೆ’ಯುವುದೆಂಬ ಮಾತೇ ಬೆಸುಗೆ. (ಭಾಲ್ಕಿಯ ನೆಲ ಬೇರೆಯೆಂದು ಯಾರಾದರೂ ಹೇಳಬಹುದು, ಕರಿಮಣ್ಣಿನ ಸೀಮೆಯಲ್ಲಿ ಸುಣ್ಣದ ಹರಳು ಎಲ್ಲಿಯೂ ಅಪರೂಪವಲ್ಲ.) ಹರಿಹರನಲ್ಲಿ ಷಟ್ಚಕ್ರ ಮೊದಲು, ತಿಗರಿ ಅನಂತರ, ಈಕೆಯಲ್ಲಿ ಮಣ್ಣು ಮೊದಲು, ವ್ರತ ಅನಂತರ. ಕಾವ್ಯವೈಭವದಲ್ಲಿ ರಗಳೆಯ ಮುಂದೆ ವಚನ ಚಿಕ್ಕದು, ನಿಜ. ಕಸುಬಿನ ಅನುಭವದಲ್ಲಿ ವಚನವೇ ಮೇಲು.

ಹಾಗೆಂದು ಹರಿಹರನಿಗೆ ಕಸುಬು ತಿಳಿಯದೆನ್ನಲಾಗದು. ತಿಗರಿಯಿಂದ ಇಳಿಸಿದ ದಪ್ಪ ಮಡಕೆ ತುಸು ಆರಿದ ಮೇಲೆ ಒಳಗೆ ಕಲ್ಲನ್ನೊಡ್ಡಿ ಹೊರಗೆ ಮರದ ಹಲಗೆಯಿಂದ ತಟ್ಟುವರು. ಗೋಡೆ ತೆಳುವಾದಂತೆಲ್ಲ ಸದ್ದು ಬದಲಾಗುತ್ತದೆ. ಸುಟ್ಟ ಮೇಲೆ ಬೆರಳಿನಿಂದ ತಟ್ಟಿದರೆ ಗಟ್ಟಿ ಮಡಕೆ ಕಂಚಿನಂತೆ ನುಡಿಯುತ್ತದೆ, ಬಿರುಕುಬಿಟ್ಟದ್ದು ಮಂಕಾಗಿ ಸದ್ದುಮಾಡುತ್ತದೆ. ನಾದವೆಂಬುದು ಕುಂಬಾರನಿಗೆ ಪರೀಕ್ಷೆ. ಕವಿ ಆ ಪರೀಕ್ಷೆಯನ್ನೇ ಪೂಜೆಯಾಗಿಸಿದ್ದಾನೆ. ಶಿವನು ಕುಣಿದದ್ದು ಒಡಕಿಲ್ಲದ ಮಡಕೆಗೆ.

ಸ್ಟೀಲು, ಪ್ಲಾಸ್ಟಿಕ್ ಕೊಡಗಳ ನಡುವೆ ಬೆಳೆದ ಇಂದಿನ ವಿದ್ಯಾರ್ಥಿಗೆ ಈ ಧ್ವನಿಭೇದ ಪರಿಚಿತವಲ್ಲ. ಷಟ್ಚಕ್ರಗಳ ವಿವರಣೆಗೆ ತೊಡಗುವ ಮುನ್ನ ಅಧ್ಯಾಪಕರು ಎರಡು ಮಡಕೆಗಳನ್ನು, ಒಂದು ಬಿರುಕುಬಿಟ್ಟದ್ದನ್ನು, ತರಗತಿಗೆ ತಂದು ತಟ್ಟಿ ಕೇಳಿಸುವುದು ಲೇಸು.