ಇಂಗಾಲದ ಲೆಕ್ಕವೂ ಪರಿಮಾಣ ವ್ರತವೂ

ಅಂಗಡಿಯ ಬಾಗಿಲು ಹಾಕುವ ಮುನ್ನ ಕಿರ್ದಿ ಬರೆದು ಶಿಲ್ಕು ತೆಗೆಯುವುದು ವರ್ತಕನ ನಿತ್ಯವಿಧಿ. ಸಂಜೆಯ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆದು ಆಲೋಚನೆ ಮಾಡುವುದು ಶ್ರಾವಕನ ನಿತ್ಯವಿಧಿ. ಒಂದು ಹಣದ ಲೆಕ್ಕ, ಇನ್ನೊಂದು ಹಿಂಸೆಯ ಲೆಕ್ಕ. ಈ ಎರಡರ ಜೊತೆಗೆ ಈಗ ಮೂರನೆಯದೊಂದು ಲೆಕ್ಕ ಮೊಬೈಲಿನ ಮೂಲಕ ಮನೆಮನೆಗೆ ಬಂದಿದೆ. ಒಬ್ಬ ವ್ಯಕ್ತಿಯ ದಿನಚರಿಯಿಂದ ವಾಯುಮಂಡಲಕ್ಕೆ ಎಷ್ಟು ಇಂಗಾಲ ಸೇರಿತೆಂದು ಎಣಿಸಿ ಹೇಳುವ ಆ್ಯಪ್‌ಗಳು ಇಂದು ಅನೇಕ ಇವೆ. ಹೊಸದಾಗಿ ರಚಿಸುವವರೂ ಇದ್ದಾರೆ. ಅಗ್ನಿಕಾಯ, ವಾಯುಕಾಯ ಜೀವಗಳ ವಿಷಯದಲ್ಲಿಯೂ ಎಚ್ಚರದಿಂದ ನಡೆಯಬೇಕೆಂದು ಬೋಧಿಸಿದ ಪರಂಪರೆಗೆ ಇಂತಹ ಉಪಕರಣ ಸಹಜವಾಗಿಯೇ ಸ್ವಾಗತಾರ್ಹ. ಆದರೆ ಅದರ ರಚನೆಯಲ್ಲಿ ಅಡಗಿರುವ ನೀತಿಯನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ವಿವೇಕವಾಗದು.

ಆ್ಯಪ್‌ನ ಕಾರ್ಯವಿಧಾನ ಸರಳವಾಗಿದೆ. ಬಳಸಿದ ವಸ್ತುವಿನ ಪ್ರಮಾಣವನ್ನು ಕೇಳುತ್ತದೆ, ಅದನ್ನು ಒಂದು ಗುಣಕದಿಂದ ಗುಣಿಸುತ್ತದೆ, ಮೊತ್ತವನ್ನು ತೋರಿಸುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. ಡೀಸೆಲ್ಲಾದರೆ ಸುಮಾರು 2.7. ಭಾರತದ ವಿದ್ಯುಜ್ಜಾಲದ ಒಂದು ಯೂನಿಟ್ಟಿಗೆ ಸುಮಾರು 0.7. 14.2 ಕಿಲೋಗ್ರಾಂ ತೂಕದ ಒಂದು ಅಡುಗೆ ಅನಿಲ ಸಿಲಿಂಡರಿಗೆ ಸುಮಾರು 42. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಲೀಟರಿಗೆ 50 ಕಿಲೋಮೀಟರು ಓಡುವ ಬೈಕಿನಲ್ಲಿ ನಿತ್ಯ ಹೋಗಿ ಬರುವವನಿಗೆ ವರ್ಷದ 300 ದಿನಗಳಲ್ಲಿ 390 ಕಿಲೋಗ್ರಾಂ ಖರ್ಚು ಬೀಳುತ್ತದೆ. ಇಷ್ಟರ ಮಟ್ಟಿಗೆ ಈ ಉಪಕರಣ ನಿಜವಾದ ಉಪಕಾರ ಮಾಡುತ್ತದೆ. ಕಣ್ಣಿಗೆ ಕಾಣದ ಹೊಗೆಗೆ ತೂಕ ಉಂಟೆಂಬ ಅರಿವೇ ಪ್ರಮಾದವನ್ನು ಕಡಿಮೆ ಮಾಡುವ ಮೊದಲ ಹೆಜ್ಜೆ.

ತೊಡಕು ಕಾಣಿಸಿಕೊಳ್ಳುವುದು ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕೆಂಬಲ್ಲಿ. ಹರಿಹರ ತಾಲ್ಲೂಕಿನ ಭಾನುವಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿರುವ ಈ ಊರಿನಲ್ಲಿ ಎರಡು ಎಕರೆ ಭತ್ತದ ಗದ್ದೆಯುಳ್ಳ ಒಂದು ಒಕ್ಕಲು ಮನೆ ಇದೆಯೆಂದು ಭಾವಿಸೋಣ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಜಾಗತಿಕ ಹವಾಮಾನ ಸಮಿತಿಯಾದ ಐ.ಪಿ.ಸಿ.ಸಿ. 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ದಕ್ಷಿಣ ಏಷ್ಯಾದ ಗದ್ದೆಗಳಿಗೆ ಹೆಕ್ಟೇರಿಗೆ ದಿನಕ್ಕೆ 0.85 ಕಿಲೋಗ್ರಾಂ ಮೀಥೇನ್ ಎಂದು ಹಿಡಿಯುತ್ತದೆ. 112 ದಿನಗಳ ಒಂದು ಬೆಳೆಗೆ ಎಕರೆಯೊಂದರಿಂದ ಸುಮಾರು 38 ಕಿಲೋಗ್ರಾಂ ಮೀಥೇನ್ ಆಯಿತು. ನೂರು ವರ್ಷಗಳ ಅವಧಿಯಲ್ಲಿ ಮೀಥೇನಿನ ತಾಪಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಆದ್ದರಿಂದ ಎಕರೆಗೆ ಒಂದು ಟನ್ನಿಗೂ ಮೀರಿದ ಭಾರ. ಎರಡು ಎಕರೆಗೆ ಒಂದೇ ಬೆಳೆಯಲ್ಲಿ ಎರಡು ಟನ್ನು ಬಿತ್ತು. ಭಾರತೀಯನೊಬ್ಬನ ಸರಾಸರಿ ಇಂಗಾಲದ ಡೈಆಕ್ಸೈಡ್ ಖರ್ಚು ವರ್ಷಕ್ಕೆ ಸುಮಾರು ಎರಡು ಟನ್ನು. ಅಮೆರಿಕದವನದು ಸುಮಾರು ಹದಿನಾಲ್ಕು. ಅಂದರೆ ಕಾರಿಲ್ಲದ, ವಿಮಾನ ಹತ್ತದ ಈ ಒಕ್ಕಲಿಗನನ್ನು ಅವನ ಗದ್ದೆಯೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ.

ಅದೇ ಭತ್ತ ದಾವಣಗೆರೆಯ ಗಿರಣಿಗೆ ಹೋಗುತ್ತದೆ; ಅಲ್ಲಿನ ಭಟ್ಟಿಗಳಲ್ಲಿ ಮಂಡಕ್ಕಿಯಾಗುತ್ತದೆ; ಸಂಜೆ ಮೆಣಸಿನಕಾಯಿ ಬಜ್ಜಿಯ ಜೊತೆಗೆ ನಗರದವನ ಕೈಗೆ ಬರುತ್ತದೆ. ಎಕರೆಗೆ 20 ಕ್ವಿಂಟಲ್ ಭತ್ತ, ಅದರಿಂದ 13 ಕ್ವಿಂಟಲ್ ಅಕ್ಕಿ ಎಂದು ಹಿಡಿದರೆ, ಪ್ರತಿ ಕಿಲೋಗ್ರಾಂ ಅಕ್ಕಿಯ ಬೆನ್ನಿಗೆ ಗದ್ದೆಯ ಭಾರವೇ ಸುಮಾರು 0.8 ಕಿಲೋಗ್ರಾಂ ಅಂಟಿಕೊಂಡಿರುತ್ತದೆ. ಗಿರಣಿಯ ವಿದ್ಯುತ್ತು, ಲಾರಿಯ ಡೀಸೆಲ್ಲು, ಭಟ್ಟಿಯ ಉರಿ ಬೇರೆ. ಬೆಳೆದವನ ಖಾತೆಯಲ್ಲಿ ಬರೆದರೆ ತಿಂದವನು ಶುದ್ಧ. ತಿಂದವನ ಖಾತೆಯಲ್ಲಿ ಬರೆದರೆ ಬೆಳೆದವನು ಶುದ್ಧ. ಇಬ್ಬರ ಖಾತೆಯಲ್ಲಿಯೂ ಬರೆದರೆ ಒಂದೇ ಹೊಗೆಗೆ ಎರಡು ಬಾರಿ ಖರ್ಚು. ಯಾವ ವರ್ತಕನೂ ಇಂತಹ ಅಢಾವೆ ಪತ್ರಿಕೆಗೆ ಸಹಿ ಹಾಕಲಾರ.

ಈ ಗೊಂದಲಕ್ಕೆ ಜೈನ ಆಚಾರಶಾಸ್ತ್ರದಲ್ಲಿ ಬಹು ಹಿಂದೆಯೇ ಒಂದು ಪರಿಹಾರ ದೊರೆತಿದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆ ಮೂರು ಬಗೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದುದನ್ನು ಒಪ್ಪಿ ಅನುಭವಿಸಿದ್ದು. ತತ್ತ್ವಾರ್ಥಸೂತ್ರದ ಪರಂಪರೆಯು ಈ ಮೂರನ್ನು ಮನ-ವಚನ-ಕಾಯಗಳಿಂದಲೂ, ಸಂರಂಭ-ಸಮಾರಂಭ-ಆರಂಭಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಎಣಿಸುತ್ತದೆ. 2001ರಲ್ಲಿ ಪ್ರಕಟವಾದ ಉದ್ಯಮಗಳ ಹಸಿರುಮನೆ ಅನಿಲ ಲೆಕ್ಕಪದ್ಧತಿಯೂ ಮೂರು ವಲಯಗಳನ್ನು ಮಾಡಿಕೊಂಡಿತು: ಸ್ವಂತ ಉರಿ, ಕೊಂಡ ವಿದ್ಯುತ್ತು, ಸರಕಿನ ಹಿಂದುಮುಂದಿನ ಉಳಿದೆಲ್ಲ ಹೊಗೆ. ಸಾಮ್ಯವಿದೆ, ಆದರೆ ವ್ಯತ್ಯಾಸವೇ ಹೆಚ್ಚು ಮುಖ್ಯ. ಹಣದ ಸಾಲವನ್ನು ಹಂಚಿದರೆ ಪ್ರತಿಯೊಬ್ಬನ ಪಾಲು ಕಡಿಮೆಯಾಗುತ್ತದೆ. ಹಿಂಸೆಯ ಹೊಣೆಯನ್ನು ಹಾಗೆ ಹಂಚಿ ತೀರಿಸಲು ಬರುವುದಿಲ್ಲ. ಬೆಳೆದವನಿಗೆ ಕೃತದ ಹೊಣೆ, ತಿಂದವನಿಗೆ ಕಾರಿತ ಮತ್ತು ಅನುಮೋದಿತದ ಹೊಣೆ. ಆ್ಯಪ್ ಒಂದೇ ಮೊತ್ತವನ್ನು ತೋರಿಸುವ ಬದಲು ಈ ಮೂರು ಅಂಕಣಗಳನ್ನು ಬೇರೆಬೇರೆಯಾಗಿ ತೋರಿಸಿದರೆ ನಗರದ ಗ್ರಾಹಕನಿಗೆ ತನ್ನ ತಟ್ಟೆಯ ಹಿಂದೆ ಭಾನುವಳ್ಳಿಯ ಗದ್ದೆ ಕಂಡೀತು.

ಇನ್ನೊಂದು ಸೂಕ್ಷ್ಮವಿದೆ. ಗದ್ದೆಯನ್ನು ಆಗಾಗ ಒಣಗಿಸಿ ಮತ್ತೆ ನೀರು ಕಟ್ಟುವ ಪದ್ಧತಿಯಿಂದ ಮೀಥೇನ್ ಗಣನೀಯವಾಗಿ ತಗ್ಗುವುದು ಸಿದ್ಧವಾದ ವಿಷಯ. ಆದರೆ ನಾಲೆಯ ಕೊನೆಯಲ್ಲಿರುವವನಿಗೆ ನೀರಿನ ಮೇಲೆ ಹಿಡಿತವಿಲ್ಲ. ಮೇಲಿನವರು ಬಿಟ್ಟಾಗ ಬಂದ ನೀರನ್ನು, ಮತ್ತೆ ಬಂದೀತೋ ಇಲ್ಲವೋ ಎಂಬ ಭಯದಿಂದ, ಅವನು ಬದುವಿನ ಮಟ್ಟಕ್ಕೆ ತುಂಬಿಸಿಕೊಳ್ಳುತ್ತಾನೆ. ಅವನ ಮೊಬೈಲಿಗೆ ‘ಗದ್ದೆಯನ್ನು ಒಣಗಿಸಿ’ ಎಂಬ ಸಂದೇಶ ಕಳಿಸುವುದು ನಿರರ್ಥಕ. ನಾಲೆಯ ಸರದಿ ನಂಬಿಕೆಗೆ ಅರ್ಹವಾದಾಗ ಮಾತ್ರ ಅವನು ಒಣಗಿಸಲು ಧೈರ್ಯ ಮಾಡಬಲ್ಲ. ಬೇಡದ ಭೋಗಕ್ಕೂ ಅನಿವಾರ್ಯವಾದ ಉದ್ಯೋಗಕ್ಕೂ ಇರುವ ಅಂತರವನ್ನು ಆಚಾರಶಾಸ್ತ್ರ ಬಲ್ಲುದು. ಗೃಹಸ್ಥನ ಉದ್ಯೋಗಿ ಹಿಂಸೆಯನ್ನೂ ಸಂಕಲ್ಪಿ ಹಿಂಸೆಯನ್ನೂ ಅದು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಗುಣಕಗಳ ಪಟ್ಟಿಗೆ ಈ ಅಂತರ ತಿಳಿಯದು. ಅದನ್ನು ತಿಳಿಸುವ ಕರ್ತವ್ಯ ರಚಿಸುವವನದು.

ಈಗ ಬಳಕೆಯಲ್ಲಿರುವ ಆ್ಯಪ್‌ಗಳ ಆಕರ್ಷಣೆಗಳನ್ನು ನಾಲ್ಕು ಕಷಾಯಗಳ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಕಡಿಮೆ ಖರ್ಚು ಮಾಡಿದವನಿಗೆ ಪದಕ, ನೆರೆಯವನಿಗಿಂತ ಮುಂದೆ ಎಂಬ ಶ್ರೇಣಿ: ಇದು ಮಾನವನ್ನು ಪೋಷಿಸುತ್ತದೆ. ಅಂಕ ಗಳಿಸಿದರೆ ಅಂಗಡಿಯಲ್ಲಿ ರಿಯಾಯಿತಿ: ಭೋಗವನ್ನು ತಗ್ಗಿಸಿದ್ದಕ್ಕೆ ಮತ್ತಷ್ಟು ಭೋಗವೇ ಬಹುಮಾನವಾಗುವ ಇದು ಲೋಭ. ತನ್ನ ಲೆಕ್ಕ ಸಣ್ಣದಾದೊಡನೆ ಇತರರನ್ನು ಹಳಿಯುವ ಹುಮ್ಮಸ್ಸು ಕ್ರೋಧ. ಎಲ್ಲಕ್ಕಿಂತ ಅಪಾಯಕಾರಿಯಾದುದು ಮಾಯೆ. ಹಣ ತೆತ್ತು ಎಲ್ಲೋ ಗಿಡ ನೆಡಿಸಿ ತನ್ನ ಖರ್ಚನ್ನು ಜಮೆಯಿಂದ ಸರಿತೂಗಿಸುವ ವ್ಯವಸ್ಥೆ.

ಗಿಡ ಯಾವುದು, ನೆಲ ಯಾರದು ಎಂದು ಕೇಳದೆ ಜಮೆ ಬರೆಯುವುದರ ಪರಿಣಾಮವನ್ನು ಈ ಸೀಮೆ ಹಿಂದೆಯೇ ಕಂಡಿದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳಿನ ಮರ ಒದಗಿಸಲು 1984ರಲ್ಲಿ ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ಊರವರ ದನ ಮೇಯುವ, ಸೌದೆ ಆರಿಸುವ ಸಾಮುದಾಯಿಕ ಭೂಮಿಗಳಲ್ಲಿ ನೀಲಗಿರಿ ನೆಡಲಾಯಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಇಂಗಾಲದ ಕಿರ್ದಿಯಲ್ಲಿ ಆ ನೀಲಗಿರಿಯೂ ಜಮೆಯೇ. ಊರಿನವರ ಪಾಲಿಗೆ ಅದು ನಷ್ಟವಾಗಿತ್ತು. ಒಬ್ಬನ ವಿಮಾನಯಾನದ ಪಾಪಕ್ಕೆ ಇನ್ನೊಬ್ಬನ ಗೋಮಾಳ ಪ್ರಾಯಶ್ಚಿತ್ತವಾಗುವುದು ಅಸ್ತೇಯಕ್ಕೂ ವಿರುದ್ಧ.

ಆದರೂ ಮೂಲದೋಷ ಇವೆಲ್ಲಕ್ಕಿಂತ ಆಳದಲ್ಲಿದೆ. ಆ್ಯಪ್ ಅಳೆಯುವುದು ಕ್ರಿಯೆ ಮುಗಿದ ಮೇಲೆ. ವ್ರತ ಅಳೆಯುವುದು ಕ್ರಿಯೆಗೆ ಮುಂಚೆ. ಪರಿಗ್ರಹ ಪರಿಮಾಣ, ದಿಗ್‌ವ್ರತ, ಭೋಗೋಪಭೋಗ ಪರಿಮಾಣ, ಇವೆಲ್ಲವೂ ‘ಇಷ್ಟೇ, ಇದಕ್ಕೆ ಮೀರಿ ಇಲ್ಲ’ ಎಂದು ಮೊದಲೇ ಎಳೆದ ಗೆರೆಗಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ಕರೆದು, ನಿಯಮಕ್ಕೆ ಒಳಪಡುವ ವಿಷಯಗಳಲ್ಲಿ ಭೋಜನ, ವಸ್ತ್ರಗಳೊಂದಿಗೆ ವಾಹನವನ್ನೂ ಸೇರಿಸಿದೆ. ಒಂದು ಹಗಲು, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂಬ ಅವಧಿಗಳನ್ನೂ ಸೂಚಿಸಿದೆ. ಈ ಗ್ರಂಥದ ಆ ಭಾಗವನ್ನು ಆ್ಯಪ್ ರಚಿಸುವವರು ಓದಿದರೆ ಅವರಿಗೆ ಬೇಕಾದ ನಕ್ಷೆ ಅಲ್ಲಿಯೇ ಸಿಗುತ್ತದೆ.

ಅದರಂತೆ ರಚಿಸಿದ ಆ್ಯಪ್ ಮೊದಲ ಪುಟದಲ್ಲಿ ‘ಈ ಮಾಸ ಎಷ್ಟು ಲೀಟರಿಗೆ ನಿಲ್ಲುವಿರಿ?’ ಎಂದು ಕೇಳುತ್ತದೆ. ಲೆಕ್ಕವನ್ನು ವ್ಯಕ್ತಿಗಿಂತ ಮನೆಗೆ ಹಚ್ಚುತ್ತದೆ, ಏಕೆಂದರೆ ಏಳು ಜನರ ಕೂಡುಕುಟುಂಬದಲ್ಲಿ ಸಿಲಿಂಡರು ಒಂದೇ. ದಿನವಿಡೀ ಗಂಟೆ ಬಾರಿಸದೆ ಸಂಜೆಗೊಮ್ಮೆ ಮಾತ್ರ ಮಾತನಾಡುತ್ತದೆ. ಗುಣಕ ಎಲ್ಲಿಂದ ಬಂತೆಂಬುದನ್ನು ತೆರೆದಿಡುತ್ತದೆ. ಮೀರಿದ ಗೆರೆಯನ್ನು ಮೀರಿದೆಯೆಂದೇ ತೋರಿಸುತ್ತದೆ, ಅಳಿಸಲು ಹಣ ಕೇಳುವುದಿಲ್ಲ. ಮನೆಯ ಗುಟ್ಟನ್ನು ಮಾರುವುದಿಲ್ಲ.

ವ್ಯಕ್ತಿಯ ಲೆಕ್ಕವೇ ದೊಡ್ಡ ಕಂಪನಿಗಳ ಉಪಾಯವೆಂಬ ಆಕ್ಷೇಪವೂ ಉಂಟು. ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. 2004ರಲ್ಲಿ ಇಂತಹ ಲೆಕ್ಕಯಂತ್ರವನ್ನು ಪ್ರಚಾರಕ್ಕೆ ತಂದುದು ಪ್ರಸಿದ್ಧ. ತೈಲ ಮಾರುವವನು ಕೊಳ್ಳುವವನ ತಪ್ಪೊಪ್ಪಿಗೆ ಕೇಳಿದಂತಾಯಿತು. ಭಾರತ ಸರ್ಕಾರವೂ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಮಿಷನ್ ಲೈಫ್’ ಮೂಲಕ ವ್ಯಕ್ತಿಯ ಜೀವನಶೈಲಿಯ ಮೇಲೆಯೇ ಒತ್ತು ಕೊಟ್ಟಿದೆ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಮಾರಿದವನ ಹೊಣೆ ದೊಡ್ಡದೆಂಬ ಕಾರಣಕ್ಕೆ ಕೊಂಡವನ ಹೊಣೆ ಇಲ್ಲವಾಗುವುದಿಲ್ಲ. ಕಾರಿತ ಇಬ್ಬರಿಗೂ ತಗಲುತ್ತದೆ. ತನ್ನ ಗೆರೆಯನ್ನು ತಾನು ಎಳೆದುಕೊಂಡ ಗ್ರಾಹಕನ ಮಾತಿಗೆ ಕಂಪನಿಯೆದುರಿನಲ್ಲಿಯೂ ನಾಲೆಯ ಅಧಿಕಾರಿಯೆದುರಿನಲ್ಲಿಯೂ ಹೆಚ್ಚು ತೂಕ ಬರುತ್ತದೆ. ಭಾನುವಳ್ಳಿಯ ಗದ್ದೆಗೆ ಸರದಿಯ ನೀರು ಸಕಾಲದಲ್ಲಿ ತಲುಪಬೇಕೆಂದು ದಾವಣಗೆರೆಯಲ್ಲಿ ಅಕ್ಕಿ ಕೊಳ್ಳುವವನೂ ಕೇಳಿದ ದಿನ ಕಾರಿತದ ಅಂಕಣ ತನ್ನ ಕೆಲಸ ಮಾಡಿದಂತಾಗುತ್ತದೆ.