ಹಬ್ಬದ ತಿಂಗಳಲ್ಲಿ ಒಣರೊಟ್ಟಿ: ಸೆನೆಕನ 18ನೆಯ ಪತ್ರಕ್ಕೆ ಒಂದು ವ್ಯಾಖ್ಯಾನ

ರೋಮಿನ ಸೆನೆಕ ತನ್ನ ಕೊನೆಗಾಲದಲ್ಲಿ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ 124 ಉಳಿದುಬಂದಿವೆ. ಸದ್ಗುಣವೊಂದೇ ನಿಜವಾದ ಒಳಿತು, ಹಣ, ಊಟ, ಮಾನಗಳನ್ನು ನೆಚ್ಚಿ ಬದುಕಬಾರದು ಎಂಬ ಸ್ಟೋಯಿಕ್ ಪಂಥ ಅವನದು. 18ನೆಯ ಪತ್ರದಲ್ಲಿ ಅವನು ಸುಖದ ಜೊತೆ ಹೇಗೆ ಬಾಳಬೇಕೆಂದು ವಿಚಾರಿಸುತ್ತಾನೆ. ಅದರ ಮಾತುಗಳ ಸಾರವನ್ನು ಅವು ಬರುವ ಕ್ರಮದಲ್ಲೇ ಬಿಡಿಸಿ ನೋಡೋಣ.

ಡಿಸೆಂಬರ್ ಬಂತು, ನಗರವೆಲ್ಲ ಗದ್ದಲ ಎಂದು ಪತ್ರ ಶುರುವಾಗುತ್ತದೆ. ಇದು ಡಿಸೆಂಬರ್ 17ರಿಂದ ನಡೆಯುತ್ತಿದ್ದ ಸ್ಯಾಟರ್ನೇಲಿಯಾ ಹಬ್ಬ. ಆಗ ಜೂಜಿಗೆ ಅಡ್ಡಿಯಿರಲಿಲ್ಲ, ಗುಲಾಮರು ಒಡೆಯರ ಜೊತೆ ಉಣ್ಣುತ್ತಿದ್ದರು, ಗಂಭೀರವಾದ ಟೋಗಾ ಉಡುಪನ್ನು ಜನ ಬದಿಗಿಡುತ್ತಿದ್ದರು.

ನೀನು ಇಲ್ಲಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದೆ ಎನ್ನುತ್ತಾನೆ ಮುಂದೆ. ನಿತ್ಯದಂತೆಯೇ ಇರಬೇಕೇ, ಇಲ್ಲ ಊರಿನವರ ಜೊತೆ ನಾವೂ ಉಡುಪು ಬದಲಿಸಿ ಖುಷಿಯಾಗಿ ಉಣ್ಣಬೇಕೇ? ಎಲ್ಲರೂ ಕುಡಿದು ತೂರಾಡುವಾಗ ಒಬ್ಬನೇ ದೂರ ನಿಲ್ಲುವುದು ಧೈರ್ಯ ಎಂದು ಒಪ್ಪುತ್ತಾನೆ. ಆದರೆ ಜನರ ನಡುವೆಯೇ ಇದ್ದು, ಅವರು ಮಾಡುವುದನ್ನೇ ಬೇರೆ ರೀತಿಯಲ್ಲಿ ಮಾಡುವುದು ಹೆಚ್ಚಿನ ಸಂಯಮ ಎಂದು ತೂಗುತ್ತಾನೆ. ಇಡೀ ಪತ್ರದ ತಿರುಳು ಈ ಮಾತಿನಲ್ಲಿದೆ ಎಂದು ನನ್ನ ಎಣಿಕೆ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಸಿಹಿ ಮುಟ್ಟುವುದಿಲ್ಲವೆಂದು ಸಾರುವುದು ಸುಲಭ. ಒಂದು ಹೋಳಿಗೆಯನ್ನು ಮನಸಾರೆ ಸವಿದು, ಇನ್ನೊಂದು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವುದು ಕಷ್ಟ. ಪೂರ್ತಿ ಬಿಟ್ಟವನಿಗೆ ನಿಯಮವೇ ಕಾವಲು. ಸವಿಯುವವನು ಪ್ರತಿ ತುತ್ತಿಗೂ ತಾನೇ ಎಚ್ಚರವಾಗಿರಬೇಕು.

ಆಮೇಲೆ ಬರುವುದು ಸಲಹೆ: ಆಗಾಗ ಮೂರು ನಾಲ್ಕು ದಿನ ಅತಿ ಅಗ್ಗದ ಊಟ, ಒರಟು ಬಟ್ಟೆಯಲ್ಲಿ ಕಳೆ; ಇಷ್ಟಕ್ಕೇ ಹೆದರುತ್ತಿದ್ದೆನೇ ಎಂದು ನಿನ್ನನ್ನೇ ಕೇಳಿಕೋ. ದೇಹ ದಂಡಿಸುವುದು ಅವನ ಉದ್ದೇಶವಲ್ಲ. ಇದ್ದದ್ದು ಕೈತಪ್ಪೀತೆಂಬ ಭಯ ಸುಖದ ನಡುವೆಯೇ ಕೂತು ಸುಖವನ್ನು ಕೆಡಿಸುತ್ತದೆ. ಆ ಭಯವನ್ನು ಕೀಳಲು ಈ ಅಭ್ಯಾಸ. ಶಾಂತಿಕಾಲದಲ್ಲೂ ಸೈನಿಕರು ಕವಾಯತು ನಡೆಸುವುದನ್ನು ಅವನು ನೆನಪಿಸುತ್ತಾನೆ.

ದೊಡ್ಡ ಸಾಧನೆಯೆಂದು ಬೀಗಬೇಡ ಎಂಬುದು ಮುಂದಿನ ಎಚ್ಚರಿಕೆ. ಸಾವಿರಾರು ಗುಲಾಮರು, ಸಾವಿರಾರು ಬಡವರು ದಿನವೂ ಹೀಗೆಯೇ ಉಣ್ಣುತ್ತಾರೆ. ನಿನ್ನ ಹೆಚ್ಚುಗಾರಿಕೆ ಇಷ್ಟೇ, ನಿನ್ನನ್ನು ಯಾರೂ ಬಲವಂತ ಮಾಡಿಲ್ಲ. ಈ ಎಚ್ಚರಿಕೆ ಇಲ್ಲದಿದ್ದರೆ ಹಿಂದಿನ ಸಲಹೆ ಸಿರಿವಂತರ ಆಟವಾಗಿಬಿಡುತ್ತಿತ್ತು. ಉಪವಾಸವನ್ನು ಮೆರೆಸುವವರೆಲ್ಲ ಓದಬೇಕಾದ ಮಾತಿದು.

ಇಲ್ಲಿ ಪತ್ರ ಬೆರಗಾಗಿಸುವ ತಿರುವು ಪಡೆಯುತ್ತದೆ. ಸುಖವೇ ಬಾಳಿನ ಗುರಿಯೆಂದು ಅಥೆನ್ಸಿನಲ್ಲಿ ಬೋಧಿಸಿದ ಎಪಿಕ್ಯೂರಸ್‌ನನ್ನೇ ಸೆನೆಕ ಸಾಕ್ಷಿಗೆ ಕರೆಯುತ್ತಾನೆ. ಆ ಸುಖದ ಗುರುವೂ ಕೆಲವು ದಿನ ಅರೆಹೊಟ್ಟೆ ಉಣ್ಣುತ್ತಿದ್ದ. ಪೂರ್ಣಸುಖಕ್ಕೆ ಇದರಿಂದ ಕೊರತೆಯಾಯಿತೇ, ಆಗಿದ್ದರೆ ಎಷ್ಟು, ಅದನ್ನು ತುಂಬಲು ದೊಡ್ಡ ಪಾಡುಪಡುವುದು ತಕ್ಕದ್ದೇ ಎಂದು ಪರೀಕ್ಷಿಸುತ್ತಿದ್ದ. ತನ್ನ ಊಟಕ್ಕೆ ಒಂದು ಆಸ್ ನಾಣ್ಯವೂ ಬೇಡ, ಅಷ್ಟು ಮುಂದುವರಿಯದ ಶಿಷ್ಯ ಮೆಟ್ರೊಡೋರಸ್‌ಗೆ ಪೂರ್ತಿ ಒಂದು ಬೇಕು ಎಂದು ಹೆಮ್ಮೆಪಟ್ಟನಂತೆ. ಸ್ಟೋಯಿಕ್ ಒಣರೊಟ್ಟಿ ತಿನ್ನುವುದು ಭಯ ಕಳೆಯಲು, ಎಪಿಕ್ಯೂರಸ್ ತಿನ್ನುವುದು ಸುಖವನ್ನು ಅಳೆಯಲು. ವಾದದಲ್ಲಿ ಎದುರಾಳಿಗಳಾದ ಎರಡು ಪಂಥಗಳು ಊಟದ ಹೊತ್ತಿಗೆ ಹೀಗೆ ಒಂದಾಗುತ್ತವೆ. ಬಾರ್ಲಿ ಗಂಜಿ ರುಚಿಯಲ್ಲವೆಂದು ಸೆನೆಕನೂ ಒಪ್ಪುತ್ತಾನೆ; ಅದರಲ್ಲೂ ಸಂತೋಷ ಕಾಣಬಲ್ಲ ಶಕ್ತಿಯನ್ನೇ ಅವನು ಹಿರಿಯ ಸುಖವೆನ್ನುತ್ತಾನೆ.

ಸಂಪತ್ತು ಬೇಡವೆನ್ನುವುದಿಲ್ಲ, ನಡುಗದೆ ಇಟ್ಟುಕೋ ಎಂದೂ ಸೇರಿಸುತ್ತಾನೆ. ನಾಲ್ಕೇ ವರ್ಷದಲ್ಲಿ 30 ಕೋಟಿ ಸೆಸ್ಟರ್ಸ್ ಕೂಡಿಹಾಕಿದನೆಂದು ವಿರೋಧಿ ಸುಯಿಲಿಯಸ್ ಅವನ ಮೇಲೆ ಆರೋಪ ಹೊರಿಸಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಇದನ್ನು ಮುಂದಿಟ್ಟು ಪತ್ರವನ್ನೇ ಬೂಟಾಟಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಕ್ರವರ್ತಿ ನೀರೊ ವಿಷವಿಡಲು ಹವಣಿಸಿದನೆಂಬ ಸುದ್ದಿಯಿದ್ದ ದಿನಗಳಲ್ಲಿ ಸೆನೆಕ ಕಾಡುಹಣ್ಣು ತಿಂದು, ಹರಿಯುವ ನೀರು ಕುಡಿದು ಬದುಕಿದ್ದನ್ನೂ ಅದೇ ಟ್ಯಾಸಿಟಸ್ ಹೇಳುತ್ತಾನೆ. ಆ ಹೊತ್ತಿಗೆ ಅಭ್ಯಾಸ ಕೆಲಸಕ್ಕೆ ಬಂದಿತ್ತು.

ಪತ್ರ ಮುಗಿಸುವಾಗ ಗೆಳೆಯನಿಗೆ ಸಲ್ಲಬೇಕಾದ ಸಾಲವೆಂದು ಒಂದು ಹಿತನುಡಿ ಕೊಡುತ್ತಾನೆ. ಸಾಲ ತೀರಿಸುವ ಹಣ ಬರುವುದೂ ಎಪಿಕ್ಯೂರಸ್‌ನಿಂದಲೇ. ಮಿತಿಮೀರಿದ ಸಿಟ್ಟು ಹುಚ್ಚಿಗೆ ದಾರಿ ಎಂಬ ಆ ನುಡಿಯನ್ನು ಬಿಡಿಸಲು ಬೇರೊಂದು ಬರಹವೇ ಬೇಕು.