ಕೌದಿಯ ಅಂಕಿತ

ಹೊದೆಯುವುದಕ್ಕೆಂದು ಹುಟ್ಟಿದ ವಸ್ತುವನ್ನು ಗೋಡೆಗೆ ತೂಗುಹಾಕಿ ನೋಡುವುದು ಉಚಿತವೇ? ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದು. ಆದರೆ ಕಲಾವಿಮರ್ಶೆಯ ಕೆಲವು ದೊಡ್ಡ ಪ್ರಶ್ನೆಗಳು ಇದರ ಹೊಟ್ಟೆಯಲ್ಲಿಯೇ ಅಡಗಿವೆ. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಸಾರಿದನು. ಆ ಮಾತನ್ನು ಕಾವ್ಯಕ್ಕೆ ಮಾತ್ರವೇ ಮೀಸಲಿಡಬೇಕಾಗಿಲ್ಲ. ಮಾಗಿಯ ಚಳಿಯಲ್ಲಿ ನಮ್ಮ ಮೈಮೇಲಿರುವ ಕೌದಿಗೂ ಅದು ಸಲ್ಲುತ್ತದೆ. ಕೌದಿಯನ್ನು ಪ್ರದರ್ಶನಕ್ಕೆ ಇಡುವವರು ಏನನ್ನು ಮರೆಯಬಾರದು, ನೋಡಲು ಹೋಗುವವರು ಏನನ್ನು ಕೇಳಬೇಕು ಎಂಬುದನ್ನು, ಈ ವಿಷಯದಲ್ಲಿ ಬಹಳ ಅನುಭವವುಳ್ಳ ಅಮೆರಿಕ ದೇಶದ ಕೆಲವು ಪ್ರದರ್ಶನಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯ ಓದುಗರಿಗೆ ಕೌದಿಯ ಪರಿಚಯ ಮಾಡಿಕೊಡುವುದು ಅನವಶ್ಯಕ. ನೆರೆಯ ಮರಾಠಿ ಮನೆಗಳಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ. ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡದಾದ ಅಂಗಿ ಇವೆಲ್ಲ ಪದರ ಪದರವಾಗಿ ಕೂಡಿ, ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ಸಾಗುವ ಹೊಲಿಗೆಯಿಂದ ಒಂದಾಗುತ್ತವೆ. ಅಮೆರಿಕದ ಕ್ವಿಲ್ಟ್ ಇದರ ದೂರದ ಬಂಧು. ಅಲ್ಲಿ ಸಾಮಾನ್ಯವಾಗಿ ತುಂಡುಗಳನ್ನು ಜೋಡಿಸಿ ಮೇಲಿನ ಪದರವನ್ನು ಮೊದಲೇ ಸಿದ್ಧಪಡಿಸುತ್ತಾರೆ; ಬಳಿಕ ನಡುವೆ ಹತ್ತಿಯನ್ನು ಹಾಸಿ, ಕೆಳಗೆ ಒಂದು ಬಟ್ಟೆಯನ್ನಿಟ್ಟು, ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಎರಡರಲ್ಲಿಯೂ ಕಲೆಗೂ ಉಪಯೋಗಕ್ಕೂ ನಡುವೆ ಗೆರೆಯಿಲ್ಲ. ಎರಡನ್ನೂ ಮಾಡಿದವರು ಬಹುಮಟ್ಟಿಗೆ ಹೆಂಗಸರು.

1886ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣದಲ್ಲಿ ನಡೆದ ಹತ್ತಿಯ ಜಾತ್ರೆಯಲ್ಲಿ ಹ್ಯಾರಿಯೆಟ್ ಪವರ್ಸ್ ಎಂಬ ಕರಿಯ ಹೆಂಗಸು ಒಂದು ಕ್ವಿಲ್ಟನ್ನು ಪ್ರದರ್ಶನಕ್ಕೆ ಇಟ್ಟಳು. ಆಕೆ 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವಳು. ಆ ಬಟ್ಟೆಯ 11 ಮನೆಗಳಲ್ಲಿ ಬೈಬಲಿನ ಕಥೆಗಳನ್ನು ಬಟ್ಟೆಯ ತುಂಡುಗಳಿಂದಲೇ ಚಿತ್ರಿಸಿದ್ದಳು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಉಪಾಧ್ಯಾಯಿನಿ ಅದನ್ನು ಕಂಡು ಬೆರಗಾಗಿ, ಕೊಳ್ಳುವೆನೆಂದಳು. ಯಾವ ಬೆಲೆಗೂ ಕೊಡಲಾರೆನೆಂದು ಪವರ್ಸ್ ಉತ್ತರಕೊಟ್ಟಳು. ಕೆಲವು ವರ್ಷಗಳ ಮೇಲೆ ಸಂಸಾರಕ್ಕೆ ಕಷ್ಟ ಬಂದಾಗ ಆಕೆಯೇ ಅದನ್ನು ಶುಭ್ರವಾದ ಚೀಲದಲ್ಲಿ ಸುತ್ತಿ ಎತ್ತಿನ ಗಾಡಿಯಲ್ಲಿ ತಂದಳು. 10 ಡಾಲರು ಕೇಳಿದಳು. 5 ಡಾಲರಿಗೆ ಕೊಟ್ಟುಹೋದಳು. ಆಮೇಲೆಯೂ ಕೆಲವು ಸಲ ಬಂದು ತನ್ನ ಕೈಯ ಕೆಲಸವನ್ನು ನೋಡಿಕೊಂಡು ಹೋಗುತ್ತಿದ್ದಳಂತೆ. ಇಂದು ಆ ಕ್ವಿಲ್ಟ್ ವಾಷಿಂಗ್ಟನ್ನಿನ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಕೊಟ್ಟ ಹಣ ಬಹಳ ಕಡಿಮೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಉಪಾಧ್ಯಾಯಿನಿ ಒಂದು ಕೆಲಸ ಮಾಡಿದಳು: ಒಂದೊಂದು ಮನೆಯ ಅರ್ಥವೇನೆಂದು ಪವರ್ಸಳ ಬಾಯಿಂದಲೇ ಕೇಳಿ ಬರೆದಿಟ್ಟಳು. ಆ ಬರಹವಿಲ್ಲದಿದ್ದರೆ ಆ ಬಟ್ಟೆ ನಮಗೆ ಅರ್ಧ ಮೂಕವಾಗಿ ಉಳಿಯುತ್ತಿತ್ತು. ಅದರ ಕರ್ತೃ ಯಾರೆಂಬುದೂ ಮರೆತುಹೋಗಬಹುದಾಗಿತ್ತು. ಉಪಾಧ್ಯಾಯರಾದವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ಇದಕ್ಕೆ ವಿಪರೀತವಾದ ಉದಾಹರಣೆ 1933ರ ಚಿಕಾಗೋ ಜಾಗತಿಕ ಪ್ರದರ್ಶನದ ಕಾಲದ್ದು. ಸಿಯರ್ಸ್ ರೋಬಕ್ ಎಂಬ ವ್ಯಾಪಾರಸಂಸ್ಥೆ ದೇಶವ್ಯಾಪಿಯಾದ ಕ್ವಿಲ್ಟ್ ಸ್ಪರ್ಧೆಯನ್ನು ಏರ್ಪಡಿಸಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಮೊದಲನೆಯ ಬಹುಮಾನ 1000 ಡಾಲರು! ಬಂದ ಕ್ವಿಲ್ಟುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಕೆಂಟಕಿ ರಾಜ್ಯದ ಮಾರ್ಗರೆಟ್ ಕೇಡನ್ ಎಂಬಾಕೆಗೆ ಬಹುಮಾನ ಸಂದಿತು. ಕ್ವಿಲ್ಟನ್ನು ಅಧ್ಯಕ್ಷ ರೂಸ್‌ವೆಲ್ಟರ ಪತ್ನಿಗೆ ಕಾಣಿಕೆಯಾಗಿ ಅರ್ಪಿಸಲಾಯಿತು. ಆದರೆ ಆ ಕ್ವಿಲ್ಟನ್ನು ಹೊಲಿದವರು ಕೂಲಿಗೆ ದುಡಿಯುತ್ತಿದ್ದ ಬೇರೆ ಹೆಂಗಸರು. ಬಹುಮಾನದ ಹಣದಲ್ಲಿ ಅವರಿಗೆ ಪಾಲು ದೊರೆಯಲಿಲ್ಲ. ಬಾಯಿ ಬಿಟ್ಟರೆ ಇದ್ದ ಕೆಲಸವೂ ಹೋದೀತೆಂದು ಅವರು ಸುಮ್ಮನಿದ್ದರು. ಮೆರಿಕೇ ವಾಲ್ಡ್‌ವೋಗೆಲ್ ಮತ್ತು ಬಾರ್ಬರಾ ಬ್ರಾಕ್‌ಮನ್ ಎಂಬ ಸಂಶೋಧಕಿಯರು 1993ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವೃತ್ತಾಂತ ಎಲ್ಲರಿಗೂ ತಿಳಿಯುವಂತಾಯಿತು. ಅಷ್ಟು ಹೊತ್ತಿಗೆ ಅರವತ್ತು ವರ್ಷ ಕಳೆದಿತ್ತು.

ದೂರದ ಚಿಕಾಗೋವನ್ನು ಹಳಿಯುವ ಮೊದಲು ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಮ್ಮೆ ನಮ್ಮ ಭಾಗದ ಒಂದು ಕನ್ನಡ ಶಾಲೆಯ ಕರಕೌಶಲ ಪ್ರದರ್ಶನಕ್ಕೆ ಪರೀಕ್ಷಕರಲ್ಲಿ ಒಬ್ಬನಾಗಿ ಹೋಗಿದ್ದೆನು. ಅಲ್ಲಿ ಒಂದು ಕೌದಿಯಿತ್ತು. ನೀಲಿ ಇಳಕಲ್ ಸೀರೆಯ ಅಂಚು ಸುತ್ತಲೂ, ನಡುವೆ ಚೌಕದ ತ್ಯಾಪೆಗಳು. ಹೊಲಿಗೆಯ ಸಾಲುಗಳು ಬಿತ್ತಿದ ಹೊಲದಂತೆ ಸಮನಾಗಿದ್ದವು. ಚೀಟಿಯ ಮೇಲೆ 7ನೆಯ ಇಯತ್ತೆಯ ಹುಡುಗಿಯೊಬ್ಬಳ ಹೆಸರು. ಮೊದಲನೆಯ ಬಹುಮಾನವನ್ನು ಅದಕ್ಕೇ ಕೊಟ್ಟು ಪಟ್ಟಿಗೆ ಸಹಿ ಹಾಕಿದೆವು. ಹೊರಡುವಾಗ ಹುಡುಗಿಯನ್ನು ಕರೆದು, “ಯಾರು ಹೊಲಿದದ್ದು, ತಂಗೀ?” ಎಂದು ಕೇಳಿದೆ.

“ನಮ್ಮಾಯಿ ಹೊಲದಾಳ್ರೀ.”

“ಮತ್ತೆ ಚೀಟಿಯೊಳಗೆ ಆಯಿಯ ಹೆಸರು ಯಾಕಿಲ್ಲ?”

“ಆಯಿ ಸಾಲಿಗೆ ಬರಂಗಿಲ್ಲಲ್ರೀ.”

ಹುಡುಗಿ ಸುಳ್ಳು ಹೇಳಲಿಲ್ಲ. ಕೇಳದಿದ್ದವರು ನಾವು. ಚೀಟಿಯಲ್ಲಿ ವಿದ್ಯಾರ್ಥಿಯ ಹೆಸರಿಗೆ ಜಾಗವಿತ್ತೇ ಹೊರತು ಹೊಲಿದವರ ಹೆಸರಿಗೆ ಜಾಗವಿರಲಿಲ್ಲ. ಹಾಕಿದ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗೆ ಅಂದು ಬರಲಿಲ್ಲ. ಈ ಲೇಖನಕ್ಕೆ ಅದೇ ಮೂಲ ಪ್ರೇರಣೆ.

ಕೌದಿಯನ್ನು ಶುದ್ಧ ಕಲೆಯ ಪದವಿಗೆ ಏರಿಸಿದ್ದು 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನ ಎಂದು ಹೇಳುವುದುಂಟು. ಜೊನಾಥನ್ ಹೋಲ್‌ಸ್ಟೈನ್, ಗೇಲ್ ವ್ಯಾನ್ ಡರ್ ಹೂಫ್ ಎಂಬಿಬ್ಬರು ತಾವು ಸಂಗ್ರಹಿಸಿದ್ದ ಹಳೆಯ ಕ್ವಿಲ್ಟುಗಳನ್ನು ಬಿಳಿಯ ಗೋಡೆಗಳ ಮೇಲೆ, ಆಧುನಿಕ ವರ್ಣಚಿತ್ರಗಳಂತೆಯೇ, ತೂಗುಹಾಕಿದರು. ಆಯ್ಕೆಗೆ ಆಧಾರ ಬಣ್ಣ ಮತ್ತು ವಿನ್ಯಾಸಗಳ ದೃಶ್ಯಪರಿಣಾಮ. ಜನರು ಮೆಚ್ಚಿದರು; ಪತ್ರಿಕೆಗಳು ಹೊಗಳಿದವು. ಹಾಸಿಗೆಯ ಮೇಲೆ ಮಡಿಕೆಬಿದ್ದಿರುವಾಗ ಕಾಣದ ಇಡಿಯಾದ ವಿನ್ಯಾಸವು ಗೋಡೆಯ ಮೇಲೆ ಒಂದೇ ನೋಟಕ್ಕೆ ದೊರೆಯುತ್ತದೆ. ಈ ಲಾಭವನ್ನು ಅಲ್ಲಗಳೆಯುವಂತಿಲ್ಲ. ಹೊಲಿದವಳೂ ತನ್ನ ಕೆಲಸವನ್ನು ಹಾಗೆ ದೂರನಿಂತು ನೋಡಿರಲಾರಳು.

ಆದರೆ ನಷ್ಟವೂ ಸಣ್ಣದಲ್ಲ. ಪ್ಯಾಟ್ರಿಷಿಯಾ ಮೈನಾರ್ಡಿ 1973ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಆಕ್ಷೇಪಿಸಿದಳು. ಕ್ವಿಲ್ಟುಗಳನ್ನು ಮೆಚ್ಚುವ ವಿಮರ್ಶಕರು ಅವು ಗಂಡಸರ ವರ್ಣಚಿತ್ರಗಳಂತಿವೆ ಎಂದು ಹೊಗಳುತ್ತಾರೆಯೇ ವಿನಾ, ಅವು ಹೆಂಗಸರು ತಿಳಿದು ಕಟ್ಟಿಕೊಂಡ ಒಂದು ಕಲಾಪರಂಪರೆಯೆಂದು ಗ್ರಹಿಸುವುದಿಲ್ಲ ಎಂಬುದು ಆಕೆಯ ವಾದದ ತಿರುಳು. ವಾದ ಒಪ್ಪತಕ್ಕದ್ದೇ. ಜನಪದ ಕಲೆಗೆ ಕರ್ತೃವಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕರ್ತೃವಿಲ್ಲ ಎನ್ನುವುದು ಬೇರೆ. ಕರ್ತೃ ಯಾರೆಂದು ಕೇಳಲಿಲ್ಲ ಎನ್ನುವುದು ಬೇರೆ.

ಮೂವತ್ತೊಂದು ವರ್ಷಗಳ ನಂತರ, 2002ರಲ್ಲಿ, ಹೂಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿಯೂ ಬಳಿಕ ಅದೇ ವಿಟ್ನಿಯಲ್ಲಿಯೂ ಇನ್ನೊಂದು ಪ್ರದರ್ಶನ ನಡೆಯಿತು. ಅಲಬಾಮಾ ರಾಜ್ಯದಲ್ಲಿ ನದಿಯು ಮೂರು ಕಡೆಯಿಂದ ಬಳಸಿಕೊಂಡಿರುವ ಗೀಸ್ ಬೆಂಡ್ ಎಂಬ ಬಡ ಹಳ್ಳಿಯ ಕರಿಯ ಹೆಂಗಸರ ಕ್ವಿಲ್ಟುಗಳು ಅಲ್ಲಿದ್ದವು. ಅವೂ ಗೋಡೆಯ ಮೇಲೆಯೇ ತೂಗಿದವು. ವ್ಯತ್ಯಾಸವಿಷ್ಟೆ: ಈ ಸಲ ಹೊಲಿದವರ ಹೆಸರುಗಳಿದ್ದವು, ಅವರ ಮಾತುಗಳಿದ್ದವು. ಅವುಗಳಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಹೊಲಿದ ಕ್ವಿಲ್ಟೂ ಒಂದು. ಗಂಡ ತೀರಿಕೊಂಡ ಮೇಲೆ ಅವನು ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳನ್ನು ಬಿಚ್ಚಿ, ಅವನ ನೆನಪಿಗಾಗಿ ಆಕೆ ಅದನ್ನು ಹೊಲಿದಳೆಂದು ಮಗಳು ಹೇಳಿದ್ದಾಳೆ. ಮಾಸಿದ ನೀಲಿ, ಬೂದು, ಕಂದು ಪಟ್ಟೆಗಳನ್ನು ದೃಶ್ಯವಿನ್ಯಾಸವೆಂದು ಮಾತ್ರ ನೋಡಿದವನಿಗೂ ಈ ಸಂಗತಿಯನ್ನು ತಿಳಿದು ನೋಡಿದವನಿಗೂ ಕಾಣುವ ಕ್ವಿಲ್ಟ್ ಒಂದೇ ಅಲ್ಲ. ಎರಡನೆಯವನಿಗೆ ಕರುಣವೂ ದೊರೆಯಿತು. ಮೊದಲನೆಯವನಿಗೆ ದೊರೆತ ಸೌಂದರ್ಯದಲ್ಲಿ ಅವನಿಗೇನೂ ಕಡಿಮೆಯಾಗಲಿಲ್ಲ.

ಹೆಸರು ಬರೆದ ಮಾತ್ರಕ್ಕೆ ನ್ಯಾಯವೆಲ್ಲ ಸಂದಿತೆಂದೂ ತಿಳಿಯಬಾರದು. 2006ರಲ್ಲಿ ಆ ಹಳ್ಳಿಯ ಹತ್ತು ಕ್ವಿಲ್ಟುಗಳ ಚಿತ್ರ ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದಿತು. ಮರುವರ್ಷವೇ, 2007ರಲ್ಲಿ, ಹೊಲಿದವರಲ್ಲಿ ಕೆಲವರು ತಮಗೆ ಸಲ್ಲಬೇಕಾದ ಹಣ, ಹಕ್ಕುಗಳು ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ವ್ಯಾಜ್ಯಗಳು ಮುಗಿದವು. ಹೆಸರಿದ್ದುದರಿಂದಲೇ ಅವರು ಕೇಳಲು ಸಾಧ್ಯವಾಯಿತು. ಚಿಕಾಗೋದ ಕೂಲಿಯ ಹೆಂಗಸರಿಗೆ ಅದೂ ಸಾಧ್ಯವಿರಲಿಲ್ಲ.

ನಮ್ಮ ನಾಡಿನ ಕೌದಿಯೂ ಸಮುದ್ರ ದಾಟಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿಸಲಾಯಿತು. ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಇವುಗಳನ್ನು ಅಭ್ಯಸಿಸಿದ್ದಾರೆ. ಸಿದ್ದಿ ಹೆಂಗಸು ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಬಳಸುತ್ತ ಬಳಸುತ್ತ ನಡುವಿಗೆ ಬಂದು ಮುಗಿಸುತ್ತಾಳೆ. ಕೊನೆಗೆ ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಮುಮ್ಮೂಲೆಯ ತುಂಡುಗಳನ್ನು ಸೇರಿಸುತ್ತಾಳೆ. ಅವನ್ನು ಹೂವು ಎಂಬರ್ಥದ ‘ಫುಲ’ ಎಂದು ಕರೆಯುತ್ತಾರೆ. ಅದಿಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. ಉಪಯೋಗಕ್ಕೆ ಬೇಡವಾದ ಈ ಹೂವಿಲ್ಲದೆ ಕೆಲಸ ಪೂರ್ಣವಾಗದೆಂಬ ಮನೋಧರ್ಮವನ್ನು ಕಲಾಪ್ರಜ್ಞೆಯೆನ್ನದೆ ಬೇರೇನೆನ್ನೋಣ?

ಸೊನ್ನಲಿಗೆಯ ಸಿದ್ಧರಾಮನ ವಚನವನ್ನು ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತದಿಂದಲೂ ಅಕ್ಕಮಹಾದೇವಿಯದನ್ನು ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತದಿಂದಲೂ ಗುರುತಿಸುತ್ತೇವೆ. ಅಂಕಿತವು ದೇವರ ಹೆಸರಾದರೂ ಕರ್ತೃವನ್ನು ಅದೇ ಕಾಪಾಡಿತು. ಕೌದಿಗೂ ಅಂಥ ಅಂಕಿತ ಬೇಕು. ಅಮೆರಿಕದ ಕ್ವಿಲ್ಟ್ ಪ್ರದರ್ಶನಗಳಲ್ಲಿ ಇದಕ್ಕೆ ಒಂದು ಪದ್ಧತಿಯಿದೆ. ಹೊಲಿದವಳು ತನ್ನ ಹೆಸರು, ಊರು, ಇಸವಿಗಳನ್ನು ಬರೆದ ಬಟ್ಟೆಯ ತುಂಡೊಂದನ್ನು ಹಿಂಬದಿಗೆ ಹೊಲಿಯುತ್ತಾಳೆ. ಅದೇ ಹಿಂಬದಿಯ ಮೇಲಂಚಿಗೆ ಕೊಳವೆಯಂತೆ ಒಂದು ಬಟ್ಟೆಪಟ್ಟಿಯನ್ನು ಹೊಲಿದು ಅದರೊಳಗೆ ಕೋಲು ತೂರಿಸಿ ತೂಗುಹಾಕುತ್ತಾರೆ. ಭಾರವೆಲ್ಲ ಸಮನಾಗಿ ಹಂಚಿಹೋಗಿ ಬಟ್ಟೆ ಜಗ್ಗುವುದಿಲ್ಲ. ಪ್ರೇಕ್ಷಕರು ಮುಟ್ಟಬಾರದೆಂದು ನಿಯಮ. ಹಿಂಬದಿಯನ್ನು ನೋಡಬಯಸುವವರಿಗಾಗಿ ಬಿಳಿಯ ಕೈಚೀಲ ತೊಟ್ಟ ಸ್ವಯಂಸೇವಕಿಯರು ಮೂಲೆಯನ್ನೆತ್ತಿ ತೋರಿಸುತ್ತಾರೆ. ಹೊಲಿಗೆಯ ನಿಜ ಹಿಂಬದಿಯಲ್ಲಿಯೇ ತಿಳಿಯುವುದು. ಹೆಸರೂ ಅಲ್ಲಿಯೇ ಇರುವುದು.

ನಮ್ಮ ಶಾಲೆಗಳಿಗೆ ಇದು ದುಬಾರಿಯ ಕೆಲಸವಲ್ಲ. ಮುಂದಿನ ಪ್ರದರ್ಶನಕ್ಕೆ ಮಕ್ಕಳು ಮನೆಯಿಂದ ಕೌದಿ ತಂದರೆ ಮೊಳೆ ಹೊಡೆಯದೆ ಕೋಲಿನಿಂದ ತೂಗುಹಾಕೋಣ. ಬಿಸಿಲು ಬೀಳದ ಗೋಡೆಯನ್ನು ಆರಿಸೋಣ. ಚೀಟಿಯಲ್ಲಿ ನಾಲ್ಕು ಸಾಲುಗಳಿರಲಿ: ಹೊಲಿದವರು ಯಾರು, ಎಲ್ಲಿ, ಯಾವಾಗ, ಯಾರ ಬಟ್ಟೆಗಳಿಂದ. ಈ ನಾಲ್ಕನ್ನು ಕೇಳಿ ಬರೆದುಕೊಂಡು ಬರುವುದೇ ವಿದ್ಯಾರ್ಥಿಯ ಕೆಲಸವಾಗಲಿ. ಅಂಕಗಳನ್ನು ಆ ಬರಹಕ್ಕೆ ಕೊಡೋಣ. ಆಗ ಹುಡುಗಿಯ ಹೆಸರೂ ನ್ಯಾಯವಾಗಿಯೇ ಚೀಟಿಯಲ್ಲಿರುತ್ತದೆ, ಬರೆದವಳೆಂದು. ಬಹುಮಾನವಿದ್ದರೆ ಆಯಿಯನ್ನು ಶಾಲೆಗೆ ಕರೆಸಿ ಅವಳ ಕೈಗೇ ಕೊಡೋಣ. ಪ್ರದರ್ಶನ ಮುಗಿದ ಸಂಜೆ ಕೌದಿಯನ್ನು ಮಡಿಸಿ ಮನೆಗೆ ಕಳುಹಿಸೋಣ. ರಾತ್ರಿ ಅದನ್ನು ಹೊದೆಯುವವರಿದ್ದಾರೆ.